ಬೆಂಚಿನಲ್ಲಿ ಇಲ್ಲದ ಹುಡುಗರು

2012ರ ಸೆಪ್ಟೆಂಬರ್ 8, ಶಾರ್ಲಟ್ಸ್‌ವಿಲ್‌ನ ಸ್ಕಾಟ್ ಸ್ಟೇಡಿಯಂ. ವರ್ಜೀನಿಯಾ 17, ಪೆನ್ ಸ್ಟೇಟ್ 16. ಗಡಿಯಾರದಲ್ಲಿ ಉಳಿದಿರುವುದು ಒಂದು ಕಿಕ್‌ಗೆ ಸಾಕಾಗುವಷ್ಟೇ ಹೊತ್ತು. ಒದೆಯಲು ನಿಂತಿರುವವನು ಸ್ಯಾಮ್ ಫಿಕೆನ್, ಎರಡನೇ ವರ್ಷದ ಹುಡುಗ. ಅವತ್ತು ಅವನ ಮೂರು ಫೀಲ್ಡ್ ಗೋಲ್ ಆಗಲೇ ತಪ್ಪಿವೆ. ಒಂದು ಎಕ್ಸ್‌ಟ್ರಾ ಪಾಯಿಂಟನ್ನು ಎದುರಾಳಿಗಳು ತಡೆದು ಬೀಳಿಸಿದ್ದಾರೆ. 42 ಗಜದಿಂದ ಒದ್ದ ಈ ಕೊನೆಯದೂ ಕಂಬದ ಆಚೆ ಹೋಯಿತು. ಐದರಲ್ಲಿ ನಾಲ್ಕು ಹಾಳು, ಒಂದು ಅಂಕದಲ್ಲಿ ಸೋಲು. (ಇದು ಅಮೆರಿಕದ ಕಾಲೇಜು ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ಟಚ್‌ಡೌನ್ ಆದ ಮೇಲೆ ಹಾಗೆ ಒದ್ದರೆ ಎಕ್ಸ್‌ಟ್ರಾ ಪಾಯಿಂಟ್, ಒಂದು ಅಂಕ. ಚೆಂಡಿಗೆ ಕಾಲು ತಾಗುವುದೇ ಅದರಲ್ಲಿ ಅಪರೂಪ, ಆ ಅಪರೂಪದ ಕೆಲಸಕ್ಕೆಂದೇ ಇರುವವನು ಕಿಕರ್.)

ಆರು ವಾರ ಹಿಂದಿನವರೆಗೆ ಆ ಜಾಗ ಫಿಕೆನ್‌ನದಾಗಿರಲಿಲ್ಲ. ಹಿಂದಿನ ವರ್ಷ ಫೀಲ್ಡ್ ಗೋಲ್ ಮತ್ತು ಪಂಟ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವಾಗ ದೂರಕ್ಕೆ ಒದೆಯುವುದು) ಎರಡನ್ನೂ ನೋಡಿಕೊಂಡಿದ್ದವನು ಆಂಥನಿ ಫೆರಾ. 2012ರ ಜುಲೈ 23ರಂದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಪೆನ್ ಸ್ಟೇಟ್ ಮೇಲೆ ದಂಡ ಹೇರಿತು: 6 ಕೋಟಿ ಡಾಲರ್, 4 ವರ್ಷ ಬೌಲ್ ಪಂದ್ಯಗಳಿಲ್ಲ (ಋತುವಿನ ಕೊನೆಗೆ ಗೆದ್ದ ತಂಡಗಳನ್ನು ಕರೆದು ಆಡಿಸುವ ಪಂದ್ಯಗಳು), ವರ್ಷಕ್ಕೆ 25ರ ಬದಲು 15 ಹೊಸ ಸ್ಕಾಲರ್‌ಶಿಪ್, ಒಟ್ಟು ತಂಡಕ್ಕೆ 85ರ ಬದಲು 65. ಜೊತೆಗೆ ಇದ್ದ ಆಟಗಾರರಿಗೆ ಒಂದು ಬಾಗಿಲನ್ನೂ ತೆರೆಯಿತು. ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಕೂತು ಕಾಯಬೇಕಿಲ್ಲ, ಹೋದ ದಿನವೇ ಆಡಬಹುದು. ಫೆರಾ ಟೆಕ್ಸಸ್‌ಗೆ ಹೋದ. ಪಾಸ್ ಹಿಡಿಯುವ ರಿಸೀವರ್ ಜಸ್ಟಿನ್ ಬ್ರೌನ್ ಓಕ್ಲಹೋಮಕ್ಕೆ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಸೈಲಸ್ ರೆಡ್ ಲಾಸ್ ಏಂಜಲೀಸ್‌ನ ಯುಎಸ್‌ಸಿಗೆ. ಒಬ್ಬ ಫೆರಾ ಹೋದದ್ದಕ್ಕೆ ಎರಡು ಕೆಲಸ ಖಾಲಿಯಾದವು.

ಗಮನಿಸಬೇಕಾದ್ದು ಇಷ್ಟು: ಆ ಸೆಪ್ಟೆಂಬರಿನಲ್ಲಿ ಸ್ಕಾಲರ್‌ಶಿಪ್ ಕಡಿತ ಇನ್ನೂ ಶುರುವೇ ಆಗಿರಲಿಲ್ಲ. 65ರ ಮಿತಿ ಜಾರಿಗೆ ಬರಬೇಕಿದ್ದದ್ದು 2014ಕ್ಕೆ. ಹಾಗಿದ್ದೂ ಮೊದಲ ರಂಧ್ರ ಆರೇ ವಾರದಲ್ಲಿ ಕಾಣಿಸಿಕೊಂಡಿತು, ಅದೂ ಯಾರೂ ಎಣಿಸದ ಜಾಗದಲ್ಲಿ. ದೊಡ್ಡ ಹೆಸರಿನ ರೆಡ್ ಹೋದದ್ದು ಪತ್ರಿಕೆಗಳ ಮುಖಪುಟಕ್ಕೆ ಬಂತು. ಪಂದ್ಯ ಹೋದದ್ದು ಮಾತ್ರ ಕಿಕರ್ ಇಲ್ಲದ್ದಕ್ಕೆ. ಈ ದಂಡಕ್ಕೆ ಕಾರಣವಾದದ್ದು ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣ, ಅದರ ಭೀಕರತೆಯ ಬಗ್ಗೆ ಎರಡು ಮಾತಿಲ್ಲ. ಇಲ್ಲಿನ ಪ್ರಶ್ನೆ ದಂಡ ಹಾಕಬೇಕಿತ್ತೇ ಅನ್ನುವುದಲ್ಲ, ಸ್ಕಾಲರ್‌ಶಿಪ್ ಕಡಿತವೆಂಬ ಈ ಕತ್ತಿ ಕೊಯ್ಯುವುದು ಎಲ್ಲಿ, ಯಾವಾಗ ಅನ್ನುವುದು. ಎಲ್ಲರೂ ನೋಡುವುದು ತಂಡದ ತುದಿಯನ್ನು. ಕೊಯ್ತ ಬೀಳುವುದು ನಡುವಿಗೆ, ನಲವತ್ತನೆಯವನಿಂದ ಎಂಬತ್ತೈದನೆಯವನ ತನಕ.

ಒಟ್ಟು ಮಿತಿ ಬರೀ ನೆಪ

ದಂಡದ ಸುದ್ದಿ ಬಂದಾಗಲೆಲ್ಲ ಜನ ಹಿಡಿದುಕೊಳ್ಳುವುದು ಒಟ್ಟು ಸಂಖ್ಯೆಯನ್ನು. 2010ರ ಜೂನ್ 10ರಂದು ಯುಎಸ್‌ಸಿಗೆ ಶಿಕ್ಷೆಯಾದಾಗ ಶೀರ್ಷಿಕೆ "30 ಸ್ಕಾಲರ್‌ಶಿಪ್ ಕಡಿತ" ಎಂದಿತ್ತು. ಮೂರು ವರ್ಷ, ವರ್ಷಕ್ಕೆ 10. ಹಾಗಾದರೆ 85ರ ಜಾಗದಲ್ಲಿ 75 ಜನ, ಅಷ್ಟೇ ತಾನೆ, ನಿಭಾಯಿಸಬಹುದು ಅನ್ನಿಸುತ್ತದೆ. ಅಲ್ಲೇ ಎಡವುವುದು. 75 ಎಂಬುದು ಚಾವಣಿ. ಅದರೊಳಗೆ ತುಂಬುವ ಕೊಳಾಯಿ ಬೇರೆ: ವರ್ಷಕ್ಕೆ ಎಷ್ಟು ಹೊಸ ಹುಡುಗರನ್ನು ತೆಗೆದುಕೊಳ್ಳಬಹುದು ಅನ್ನುವ ಮಿತಿ. ಅದನ್ನು 25ರಿಂದ 15ಕ್ಕೆ ಇಳಿಸಿದ್ದರು.

ಒಂದು ಮಾದರಿ ಲೆಕ್ಕ ಹಾಕೋಣ. ವರ್ಷಕ್ಕೆ 25 ಹುಡುಗರು ಸೇರುತ್ತಾರೆ. ಎಲ್ಲರೂ ಕೊನೆತನಕ ಉಳಿಯುವುದಿಲ್ಲ. ಒಬ್ಬನಿಗೆ ಮೊಣಕಾಲು ಹೋಯಿತು, ಒಬ್ಬ ಪಾಠದಲ್ಲಿ ಹಿಂದೆ ಬಿದ್ದ, ಒಬ್ಬ ಬೇರೆ ಕಾಲೇಜು ಹುಡುಕಿಕೊಂಡ, ಚೆನ್ನಾಗಿ ಆಡಿದವನು ಮೂರನೇ ವರ್ಷಕ್ಕೇ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹಾರಿದ. ಒಂದೇ ವರ್ಷ ಸೇರಿದ 25 ಜನರ ಗುಂಪು ಎರಡನೇ ವರ್ಷಕ್ಕೆ 22, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 13, ರೆಡ್‌ಶರ್ಟ್ ಮಾಡಿ (ಒಂದು ವರ್ಷ ಪಂದ್ಯ ಆಡದೆ ಕೂತು ಆ ವರ್ಷವನ್ನು ಉಳಿಸಿಕೊಂಡು) ಐದನೇ ವರ್ಷ ಉಳಿದವರು 7 ಎಂದಿಟ್ಟುಕೊಳ್ಳಿ. ಕೂಡಿದರೆ 85. ಇದೇ ಸವಕಳಿಯನ್ನು 15ಕ್ಕೆ ಹಾಕಿ: 15, 13, 11, 8, 4. ಕೂಡಿದರೆ 51. ಅಂದರೆ 15ರ ನಿಯಮ ಅನಂತವಾಗಿ ನಡೆದರೆ ತಂಡ 75ಕ್ಕಲ್ಲ, 51ಕ್ಕೆ ಬಂದು ನಿಲ್ಲುತ್ತದೆ. ಎನ್‌ಸಿಎಎ ಕೊಟ್ಟ ಚಾವಣಿಯನ್ನು ಮುಟ್ಟುವುದೂ ಸಾಧ್ಯವಾಗುವುದಿಲ್ಲ. ಯುಎಸ್‌ಸಿ 75ರ ಮಿತಿಗಿಂತ ಎಷ್ಟೋ ಕೆಳಗಿನ ಸಂಖ್ಯೆಯಲ್ಲಿ ಪಂದ್ಯ ಆಡಬೇಕಾದದ್ದು ಇದರಿಂದಲೇ.

ಈಗ ಮೂರೇ ವರ್ಷದ ದಂಡವನ್ನು ಈ ಲೆಕ್ಕದಲ್ಲಿ ಓಡಿಸಿ. ಮೊದಲ ವರ್ಷ ತಂಡ 75. ಎರಡನೇ ವರ್ಷ 66. ಮೂರನೆಯದು 59. ಅಲ್ಲಿಗೆ ದಂಡ ಮುಗಿಯಿತು, ನಾಲ್ಕನೇ ವರ್ಷ ಮತ್ತೆ 25 ಹುಡುಗರು ಬಂದರು. ತಂಡ 64. ಆಮೇಲೆ 70, 77, 82, ಎಂಟನೇ ವರ್ಷಕ್ಕೆ ಮತ್ತೆ 85. ಮೂರು ವರ್ಷದ ಶಿಕ್ಷೆ, ಎಂಟು ವರ್ಷದ ನೆರಳು.

ಇನ್ನೂ ಒಳಗೆ ನೋಡಿದರೆ ಮತ್ತೊಂದು ಸಂಗತಿ ಇದೆ. ತಂಡದ ಬೆನ್ನೆಲುಬು ನಾಲ್ಕನೇ, ಐದನೇ ವರ್ಷದ ಹಳಬರು. ಮಾಮೂಲಿ ತಂಡದಲ್ಲಿ ಅವರು 20 ಜನ. ದಂಡದ ಮೂರು ವರ್ಷವೂ ಅವರ ಸಂಖ್ಯೆ 20ರಲ್ಲೇ ಇರುತ್ತದೆ, ಏಕೆಂದರೆ ಅವರೆಲ್ಲ ದಂಡಕ್ಕೆ ಮೊದಲು ಬಂದವರು. ಅದು ಕುಸಿಯುವುದು ಆಮೇಲೆ: ನಾಲ್ಕನೇ ವರ್ಷ 15, ಐದನೇ ಮತ್ತು ಆರನೇ ವರ್ಷ 12. ಎಲ್ಲ ನಿರ್ಬಂಧ ಮುಗಿದು, ಪತ್ರಿಕೆಗಳು "ಕಷ್ಟಕಾಲ ಕಳೆಯಿತು" ಎಂದು ಬರೆದು, ಅಭಿಮಾನಿಗಳು ಗೆಲುವಿಗೆ ಕಾದು ಕೂತ ವರ್ಷಗಳಲ್ಲೇ ಹಳಬರ ಸಾಲು ಅತ್ಯಂತ ತೆಳ್ಳಗಿರುತ್ತದೆ. ಮೂರು ವರ್ಷ ಸಸಿ ನೆಡದ ಅಡಿಕೆ ತೋಟದ ಹಾಗೆ. ನೆಡದ ವರ್ಷ ಕೊಯ್ಲಿಗೆ ಏನೂ ಆಗುವುದಿಲ್ಲ, ಆ ಸಸಿಗಳು ಫಲ ಕೊಡಬೇಕಿದ್ದ ವರ್ಷ ಗೊನೆ ಇರುವುದಿಲ್ಲ.

ಲೆಕ್ಕ ಹೇಳುವುದು ಸೋಲನ್ನಲ್ಲ, ಸಂಖ್ಯೆಯನ್ನು ಮಾತ್ರ. ಅದು ಮುಂದೆ ಮುಖ್ಯವಾಗುತ್ತದೆ.

ಶನಿವಾರಕ್ಕೆ ಮೊದಲು, ಮಂಗಳವಾರ

ಪಂದ್ಯ ಶನಿವಾರ. ಕಡಿತ ಮೊದಲು ಕಾಣಿಸುವುದು ಮಂಗಳವಾರದ ಅಭ್ಯಾಸದಲ್ಲಿ. ಹನ್ನೊಂದು ಆಟಗಾರರ ಎರಡು ಪಂಗಡ, ಅಫೆನ್ಸ್ ಮತ್ತು ಡಿಫೆನ್ಸ್. ಎರಡಕ್ಕೂ ಒಂದೊಂದು ಬದಲಿ ಸಾಲು ಸೇರಿದರೆ 44. ಅವರ ಮೇಲೆ ಸ್ಕೌಟ್ ಟೀಮ್ ಬೇಕು, ಅಂದರೆ ಆ ವಾರದ ಎದುರಾಳಿಯ ಪಟ್ಟುಗಳನ್ನು ಅಣಕಿಸಿ ತೋರಿಸುವ ಹುಡುಗರು. ಅವರು ಹೆಚ್ಚಾಗಿ ಮೊದಲ ವರ್ಷದವರು ಮತ್ತು ವಾಕ್-ಆನ್‌ಗಳು, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ ಸ್ವಂತ ಖರ್ಚಿನಲ್ಲಿ ಓದುತ್ತ ಆಡುವವರು. ಸ್ಕೌಟ್ ಟೀಮಿನಲ್ಲಿ ಮುಂದೆ ದೊಡ್ಡವರಾಗುವ ನಾಲ್ಕೈದು ಹುಡುಗರಾದರೂ ಇದ್ದರೆ ಮುಖ್ಯ ತಂಡ ವಾರವಿಡೀ ನಿಜವಾದ ವೇಗವನ್ನು ನೋಡುತ್ತದೆ. 60 ಜನರ ತಂಡದಲ್ಲಿ ಆ ಹುಡುಗರು ಸ್ಕೌಟ್ ಟೀಮಿನಲ್ಲಿರುವುದಿಲ್ಲ, ಆಗಲೇ ಶನಿವಾರದ ಆಟಕ್ಕೆ ಬಿದ್ದಿರುತ್ತಾರೆ. ಮಂಗಳವಾರ ಎದುರಿಗೆ ನಿಲ್ಲುವುದು ಅರ್ಧ ವೇಗದ ನಕಲು. ಶನಿವಾರದ ಮೊದಲ ಹತ್ತು ನಿಮಿಷ ತಂಡ ತಬ್ಬಿಬ್ಬಾಗುವುದಕ್ಕೆ ಇದು ಒಂದು ಕಾರಣ.

ಎರಡನೆಯದು ಟ್ಯಾಕ್ಲಿಂಗ್. ಜನ ಕಡಿಮೆ ಇದ್ದಾಗ ಅಭ್ಯಾಸದಲ್ಲಿ ಒಬ್ಬನಿಗೆ ಗಾಯವಾದರೂ ದುಬಾರಿ. ಹಾಗಾಗಿ ಕೋಚ್ ನೆಲಕ್ಕೆ ಕೆಡಹುವುದನ್ನು ನಿಲ್ಲಿಸುತ್ತಾನೆ. "ಥಡ್" ಅನ್ನುತ್ತಾರೆ ಇದಕ್ಕೆ: ಎದೆಗೆ ಎದೆ ಡಿಕ್ಕಿ ಹೊಡಿ, ಹಿಡಿ, ಬಿಟ್ಟುಬಿಡು. ಯುಎಸ್‌ಸಿಯಲ್ಲಿ ಕೋಚ್ ಲೇನ್ ಕಿಫಿನ್ ಮಾಡಿದ್ದೂ ಇದನ್ನೇ. ಗಾಯ ಕಡಿಮೆಯಾಗುತ್ತದೆ, ನಿಜ. ಆದರೆ ಓಡುತ್ತಿರುವವನನ್ನು ನೆಲಕ್ಕೆ ತರುವುದು ಕೈಯಲ್ಲಿ ಅಲ್ಲ, ಡಿಕ್ಕಿಯಾದ ಮೇಲೂ ಕಾಲು ಓಡಿಸುತ್ತಿರುವುದರಲ್ಲಿ ಇದೆ. ಥಡ್ ಅಭ್ಯಾಸ ಆ ಕಾಲುಗಳನ್ನು ನಿಲ್ಲುವುದಕ್ಕೆ ಕಲಿಸುತ್ತದೆ. ಎದುರಾಳಿಯ ರನ್ನಿಂಗ್ ಬ್ಯಾಕ್ ಮೊದಲ ಹಿಡಿತದಿಂದ ಜಾರಿ ಇನ್ನೂ ಆರು ಗಜ ಓಡುತ್ತಾನೆ. ಅಂಥ ಆರು ಗಜಗಳು ಕೂಡಿ ನಾಲ್ಕನೇ ಕ್ವಾರ್ಟರ್ ಆಗುತ್ತದೆ.

ಮೂರನೆಯದು ಕಿಕಾಫ್ ಕವರೇಜ್. ಆಟ ಶುರು ಮಾಡಲು ಚೆಂಡನ್ನು ಒದ್ದ ಮೇಲೆ ಅದನ್ನು ಹಿಡಿದವನನ್ನು ತಡೆಯಲು ಹನ್ನೊಂದು ಜನ ಐವತ್ತು ಗಜ ಪೂರ್ತಿ ವೇಗದಲ್ಲಿ ಓಡಿ ಡಿಕ್ಕಿ ಹೊಡೆಯುವ ಕೆಲಸ. ಇದನ್ನು ಮಾಡುವವರು ಸಾಮಾನ್ಯವಾಗಿ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳು, ಸೇಫ್ಟಿಗಳು. ಆ ಸಾಲೇ ಇಲ್ಲದಿದ್ದರೆ ಎರಡೇ ದಾರಿ. ಮೊದಲ ಸಾಲಿನವರನ್ನೇ ಓಡಿಸಬೇಕು, ಅವರು ಮುಂದಿನ ಪ್ಲೇಗೆ ಏದುಸಿರು ಬಿಡುತ್ತಾ ನಿಲ್ಲುತ್ತಾರೆ. ಇಲ್ಲವೇ ವಾಕ್-ಆನ್‌ಗಳನ್ನು ಕಳಿಸಬೇಕು, ಅವರು ಒಂದು ಹೆಜ್ಜೆ ತಡ. ಟಿವಿಯಲ್ಲಿ ಕಾಮೆಂಟೇಟರ್ "ಸ್ಪೆಷಲ್ ಟೀಮ್ಸ್ ಶಿಸ್ತು ಸಾಲದು" ಅನ್ನುತ್ತಾನೆ. ಸಾಲದ್ದು ಶಿಸ್ತಲ್ಲ, ತಲೆಗಳು.

ಎಲ್ಲಕ್ಕಿಂತ ಕೊನೆಗೆ ಕಾಣಿಸುವುದೂ, ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವುದೂ ಅಫೆನ್ಸಿವ್ ಲೈನಿನ ಪೆಟ್ಟು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಾಗಿ ನಿಲ್ಲುವ ಐವರ ಸಾಲು ಇದು, ಗಾರ್ಡ್, ಟ್ಯಾಕಲ್ ಎಂಬವರು ಅದರಲ್ಲಿ ಪಕ್ಕಪಕ್ಕದವರು. ರನ್ನಿಂಗ್ ಬ್ಯಾಕ್ ಹದಿನೆಂಟನೇ ವಯಸ್ಸಿಗೇ ಆಡಬಲ್ಲ. ಲೈನ್‌ಮ್ಯಾನ್ ಆಗುವುದಿಲ್ಲ. ಹೈಸ್ಕೂಲಿನಿಂದ 270 ಪೌಂಡಿನಲ್ಲಿ ಬಂದವನು 300 ಆಗಬೇಕು, ಅದೂ ಕೊಬ್ಬಿನಲ್ಲಿ ಅಲ್ಲ. ಒಂದು ವರ್ಷ ರೆಡ್‌ಶರ್ಟ್, ಒಂದು ವರ್ಷ ಬದಲಿ, ಮೂರನೇ ವರ್ಷಕ್ಕೆ ಆಟ. ಐವರು ಒಟ್ಟಿಗೆ ಒಂದೇ ಯೋಚನೆಯಲ್ಲಿ ಚಲಿಸಬೇಕು. ಎದುರಿನವರು ಅಡ್ಡಾದಿಡ್ಡಿ ನುಗ್ಗಿದಾಗ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ದಾಟಿಸಿ ಅವನವನನ್ನು ತಾನು ತೆಗೆದುಕೊಳ್ಳಬೇಕು, ಮಾತಿಲ್ಲದೆ, ಅರ್ಧ ಸೆಕೆಂಡಿನಲ್ಲಿ. ಇದಕ್ಕೆ ಬೇಕಾಗುವುದು ಒಟ್ಟಿಗೆ ಆಡಿದ ವರ್ಷಗಳು. ಮಾಮೂಲಿ ತಂಡದಲ್ಲಿ ಸ್ಕಾಲರ್‌ಶಿಪ್ ಇರುವ 15 ಲೈನ್‌ಮ್ಯಾನ್‌ಗಳು ಇರುತ್ತಾರೆ. ಅವರಲ್ಲಿ ಮೂರು ಜನ ಕೈಕೊಟ್ಟರೂ ಬಂಡಿ ಓಡುತ್ತದೆ. ಹತ್ತೇ ಜನ ಇದ್ದಾಗ ಮೂರು ಕೈಕೊಟ್ಟರೆ ಎರಡನೇ ಸಾಲಿಗೆ ಉಳಿಯುವುದು ಇಬ್ಬರೇ.

ಪೆನ್ ಸ್ಟೇಟ್‌ನಲ್ಲಿ ಆದದ್ದು ಇದೇ. ನಿಜಕ್ಕೂ ಅವರ ದಂಡ ಅರ್ಧದಲ್ಲೇ ಸಡಿಲವಾಗಿತ್ತು. ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಕೊಟ್ಟ ವರದಿಗಳ ಮೇಲೆ 2013ರ ಸೆಪ್ಟೆಂಬರಿನಲ್ಲಿ ಕೆಲವು ಸ್ಕಾಲರ್‌ಶಿಪ್ ಹಿಂದಿರುಗಿದವು, 2014ರ ಸೆಪ್ಟೆಂಬರಿನಲ್ಲಿ ಬೌಲ್ ನಿಷೇಧವೂ ಹೋಯಿತು. 65ಕ್ಕೆ ಇಳಿಯಬೇಕಾದ ಪ್ರಸಂಗವೇ ಬರಲಿಲ್ಲ. ಆದರೆ 2014ರ ವಸಂತದ ಅಭ್ಯಾಸಕ್ಕೆ ಗಾರ್ಡ್ ಜಾಗಕ್ಕೆ ಜನ ಸಾಲದೆ ಡೆರೆಕ್ ಡೌರಿ ಮತ್ತು ಬ್ರಯಾನ್ ಗಾಯಾ ಎಂಬ ಇಬ್ಬರು ಡಿಫೆನ್ಸಿವ್ ಟ್ಯಾಕಲ್‌ಗಳನ್ನು ಆಚೆಯಿಂದ ಈಚೆಗೆ ತಂದರು. ಡಿಫೆನ್ಸಿನಲ್ಲಿ ಮೊದಲ ಹೆಜ್ಜೆ ಮುಂದಕ್ಕೆ, ನುಗ್ಗುವುದು. ಪಾಸ್ ಬ್ಲಾಕಿಂಗ್‌ನಲ್ಲಿ ಮೊದಲ ಹೆಜ್ಜೆ ಹಿಂದಕ್ಕೆ, ಕೂತ ಹಾಗೆ, ತಾಳ್ಮೆಯಿಂದ. ವರ್ಷಗಟ್ಟಲೆ ಮುಂದಕ್ಕೆ ಹಾರಿದ ದೇಹಕ್ಕೆ ಐದು ತಿಂಗಳಲ್ಲಿ ಹಿಂದೆ ಸರಿಯುವುದನ್ನು ಕಲಿಸಬೇಕು. ಆ ಋತುವಿನಲ್ಲಿ ಕ್ವಾರ್ಟರ್‌ಬ್ಯಾಕ್ ಕ್ರಿಶ್ಚಿಯನ್ ಹ್ಯಾಕೆನ್‌ಬರ್ಗ್ 44 ಬಾರಿ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮುಂಚೆಯೇ ನೆಲಕ್ಕೆ ಬಿದ್ದ. ಮರುವರ್ಷದ ಮೊದಲ ಪಂದ್ಯ, 2015ರ ಸೆಪ್ಟೆಂಬರ್ 5, ಟೆಂಪಲ್ ವಿರುದ್ಧ: ಒಂದೇ ದಿನ 10 ಸ್ಯಾಕ್, 27-10ರಲ್ಲಿ ಸೋಲು. ದಂಡ ಹೋಗಿ ಆಗಲೇ ಒಂದು ವರ್ಷ. ಮೊದಲ ವರ್ಷ ಬಿಗ್ ಟೆನ್‌ನ (ಪೆನ್ ಸ್ಟೇಟ್ ಆಡುವ ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಕೂಟ) ಅತ್ಯುತ್ತಮ ಹೊಸಬ ಎನ್ನಿಸಿಕೊಂಡಿದ್ದ ಹ್ಯಾಕೆನ್‌ಬರ್ಗ್ 2016ರಲ್ಲಿ ಜೆಟ್ಸ್ ತಂಡಕ್ಕೆ ಎರಡನೇ ಸುತ್ತಿನಲ್ಲಿ ಆಯ್ಕೆಯಾದರೂ ಎನ್‌ಎಫ್‌ಎಲ್‌ನ ಒಂದು ಅಧಿಕೃತ ಋತು ಪಂದ್ಯವನ್ನೂ ಆಡಲಿಲ್ಲ. ಎಲ್ಲವನ್ನೂ ದಂಡದ ತಲೆಗೆ ಕಟ್ಟುವುದು ಸರಿಯಲ್ಲ. ಕೋಚ್ ಬದಲಾದರು, ಆಟದ ಪದ್ಧತಿ ಬದಲಾಯಿತು. ಆದರೂ ಗಾರ್ಡ್ ಜಾಗಕ್ಕೆ ಗಾರ್ಡ್ ಇಲ್ಲದ ವರ್ಷ ಕ್ವಾರ್ಟರ್‌ಬ್ಯಾಕ್‌ನ ಕಾಲು ನೆಲ ಬಿಟ್ಟು ಏಳುವುದನ್ನು ಯಾವ ಪದ್ಧತಿ ತಡೆದೀತು?

ಕೈಚಳಕಗಳು, ಅವುಗಳ ಬೆಲೆ

ಕೋಚುಗಳು ಸುಮ್ಮನೆ ಕೂರುವುದಿಲ್ಲ. ಮೊದಲ ಉಪಾಯ ತಾರೀಖಿನದು. ಹೈಸ್ಕೂಲ್ ಬೇಗ ಮುಗಿಸಿ ಜನವರಿಯಲ್ಲೇ ಕಾಲೇಜು ಸೇರುವ ಹುಡುಗನನ್ನು ಹಿಂದಿನ ವರ್ಷದ ಖಾತೆಗೆ ಬರೆಯಬಹುದಿತ್ತು, ಆ ವರ್ಷ ಜಾಗ ಉಳಿದಿದ್ದರೆ. ಯುಎಸ್‌ಸಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಿಕ್ಷೆಯ ವಿರುದ್ಧ ಮೇಲ್ಮನವಿ ಹಾಕಿತು, ಅದು ವಜಾ ಆದದ್ದು 2011ರ ಮೇ ಕೊನೆಗೆ. ನಡುವೆ ಬಂದ 2011ರ ಫೆಬ್ರವರಿಯ ಸಹಿ ದಿನದಂದು ಸುಮಾರು 30 ಹುಡುಗರನ್ನು ಸೇರಿಸಿಕೊಂಡುಬಿಟ್ಟರು. ಬರ ಬರುತ್ತದೆಂದು ಗೊತ್ತಾಗಿ ಕಣಜ ತುಂಬಿಕೊಂಡ ಹಾಗೆ. ಜಾಣತನವೇ. ಆದರೆ ಹೊಸಬರ ಒಂದು ದೊಡ್ಡ ಗುಂಪಿನ ಹಿಂದೆ ಮೂರು ಚಿಕ್ಕ ಗುಂಪು ಬಂದರೆ ಆ ದೊಡ್ಡದು ಹೊರಗೆ ಹೋಗುವ ವರ್ಷ ಹಳ್ಳ ಇನ್ನೂ ಆಳವಾಗುತ್ತದೆ.

ಎರಡನೆಯದು ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಆಡಿ ಬಂದ ಹುಡುಗರು. ಬೆಳೆದ ಮೈ, ಬಂದ ದಿನವೇ ಆಟಕ್ಕೆ ಸಿದ್ಧ. ಆದರೆ ಅವರಿಗೆ ಉಳಿದಿರುವುದು ಎರಡೋ ಮೂರೋ ವರ್ಷ. 15ರಲ್ಲಿ ನಾಲ್ಕು ಜಾಗ ಅವರಿಗೆ ಕೊಟ್ಟರೆ ಇವತ್ತಿನ ತೂತು ಮುಚ್ಚುತ್ತದೆ, ಎರಡು ವರ್ಷದ ನಂತರ ಅದೇ ಜಾಗದಲ್ಲಿ ಹೊಸ ತೂತು. ಮೂರನೆಯದು ರೆಡ್‌ಶರ್ಟ್ ಸುಡುವುದು, ಅಂದರೆ ಒಂದು ವರ್ಷ ಕೂರಿಸಿ ಬೆಳೆಸಬೇಕಾದ ಹುಡುಗನನ್ನು ಮೊದಲ ವರ್ಷವೇ ಇಳಿಸುವುದು. 2018ರಲ್ಲಿ ನಾಲ್ಕು ಪಂದ್ಯದ ವಿನಾಯಿತಿ ಬರುವ ಮುಂಚೆ ನವೆಂಬರಿನಲ್ಲಿ ಒಂದು ಕಿಕಾಫ್‌ಗೆ ಓಡಿದರೂ ಆ ವರ್ಷ ಹೋಯಿತು ಅಂತಲೇ ಅರ್ಥ. ಐದನೇ ವರ್ಷದಲ್ಲಿ 23 ವಯಸ್ಸಿನ ಗಟ್ಟಿ ಆಟಗಾರನಾಗಬಹುದಾಗಿದ್ದವನನ್ನು 18ರಲ್ಲಿ ನಾಲ್ಕು ಕಿಕಾಫ್‌ಗೆ ಮಾರಿದಂತೆ.

ನಾಲ್ಕನೆಯದೇ ಎಲ್ಲಕ್ಕಿಂತ ಪ್ರಾಮಾಣಿಕ: ವಾಕ್-ಆನ್. ಪೆನ್ ಸ್ಟೇಟ್‌ನ ಅಂದಿನ ಕೋಚ್ ಬಿಲ್ ಓ'ಬ್ರಿಯನ್ ಇವರನ್ನು "ರನ್-ಆನ್" ಎಂದು ಕರೆದರು. ನಡೆದು ಬಂದವರಲ್ಲ, ಓಡಿ ಬಂದವರು. ಪದ ಬದಲಿಸುವುದು ಸುಲಭ, ಆದರೆ ಇಲ್ಲಿ ಪದದ ಹಿಂದೆ ಕೆಲಸವೂ ಇತ್ತು. ಪೆನ್ಸಿಲ್ವೇನಿಯಾದ ಹುಡುಗರ ಮನೆಗೆ ಹೋಗಿ, ಬೇರೆ ಸಣ್ಣ ಕಾಲೇಜು ಕೊಡುವ ಸ್ಕಾಲರ್‌ಶಿಪ್ ಬಿಟ್ಟು ಇಲ್ಲಿಗೆ ಸ್ವಂತ ದುಡ್ಡಿನಲ್ಲಿ ಬಾ ಎಂದು ಕೇಳುವುದು. ಅಂದರೆ ದಂಡದ ಒಂದು ಪಾಲನ್ನು ಆ ಅಪ್ಪ ಅಮ್ಮ ಫೀಸಿನ ರೂಪದಲ್ಲಿ ಕಟ್ಟಿದರು. ಎನ್‌ಸಿಎಎ ತೀರ್ಪಿನಲ್ಲಿ ಈ ಸಾಲು ಇರಲಿಲ್ಲ.

ಕಟ್ಟಿದವರು ಯಾರು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯುಎಸ್‌ಸಿ ಪ್ರಕರಣದ ಮುಖ್ಯ ವ್ಯಕ್ತಿ ಅಲ್ಲಿನ ಹಿಂದಿನ ರನ್ನಿಂಗ್ ಬ್ಯಾಕ್ ರೆಜಿ ಬುಷ್. ಅವನೂ ಅವನ ಮನೆಯವರೂ ಏಜೆಂಟರಿಂದ ಪಡೆದರೆನ್ನಲಾದ ಹಣ, ಸೌಲಭ್ಯಗಳೇ ದೂರಿನ ತಿರುಳು. ಶಿಕ್ಷೆ ಬಂದ 2010ರ ಜೂನ್‌ಗೆ ಬುಷ್ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದ ಸೇಂಟ್ಸ್ ತಂಡದಲ್ಲಿದ್ದ. ಕೋಚ್ ಪೀಟ್ ಕ್ಯಾರಲ್ ಅದೇ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಹೋಗಿದ್ದರು. 2014ರ ಫೆಬ್ರವರಿ 2ರಂದು ಕ್ಯಾರಲ್ ಸೀಹಾಕ್ಸ್ ಜೊತೆ ಸೂಪರ್ ಬೌಲ್ ಗೆದ್ದರು. ಮೂರು ದಿನ ಬಿಟ್ಟು ಯುಎಸ್‌ಸಿ ದಂಡದ ಕೊನೆಯ ಚಿಕ್ಕ ಗುಂಪಿನಿಂದ ಸಹಿ ಹಾಕಿಸಿಕೊಂಡಿತು. ಆ ಹುಡುಗರು ಬುಷ್ ಆಡುವಾಗ ಪ್ರಾಥಮಿಕ ಶಾಲೆಯಲ್ಲಿದ್ದವರು.

ಮಿಯಾಮಿಯದು ಇದರ ಉಪಕಥೆ. ಯುಎಸ್‌ಸಿಗೆ ಶಿಕ್ಷೆ ಕೊಟ್ಟ ಸಮಿತಿಯ ಅಧ್ಯಕ್ಷ ಪಾಲ್ ಡೀ, ಅದಕ್ಕೆ ಮೊದಲು ಮಿಯಾಮಿಯ ಕ್ರೀಡಾ ನಿರ್ದೇಶಕರು. 2011ರಲ್ಲಿ ಮಿಯಾಮಿಯದೇ ಹಗರಣ ಹೊರಬಂತು, ಬಹುಪಾಲು ಅವರ ಕಾಲದ್ದು. 2013ರ ತೀರ್ಪಿನಲ್ಲಿ ಮಿಯಾಮಿ ಕಳೆದುಕೊಂಡದ್ದು 9 ಸ್ಕಾಲರ್‌ಶಿಪ್. ಅಲ್ಲಿ 30, ಇಲ್ಲಿ 9. ಮಿಯಾಮಿ ತಾನಾಗಿಯೇ ಎರಡು ವರ್ಷ ಬೌಲ್ ಬಿಟ್ಟಿತ್ತು ಎಂಬ ಸಮರ್ಥನೆ ಇದೆ, ಇರಲಿ. ತಕ್ಕಡಿ ಒಂದೇ ಆಗಿರಲಿಲ್ಲ ಅನ್ನುವುದು ಲಾಸ್ ಏಂಜಲೀಸ್‌ನಲ್ಲಿ ಇವತ್ತಿಗೂ ಆರದ ಸಿಟ್ಟು, ನನಗೆ ಅದರಲ್ಲಿ ನ್ಯಾಯ ಕಾಣುತ್ತದೆ.

ಆದರೂ ಯುಎಸ್‌ಸಿ ನನ್ನ ಲೆಕ್ಕಕ್ಕೆ ಪೂರ್ತಿ ಒಗ್ಗುವುದಿಲ್ಲ. 2012ರಲ್ಲಿ ಋತುವಿಗೆ ಮುಂಚಿನ ಪಟ್ಟಿಯಲ್ಲಿ ಒಂದನೇ ಸ್ಥಾನ, ಕೊನೆಗೆ 7-6. 2013ರಲ್ಲಿ ಅರಿಜೋನಾ ಸ್ಟೇಟ್ ಎದುರು 62-41ರಲ್ಲಿ ಸೋತು ಬಂದ ರಾತ್ರಿ ವಿಮಾನ ನಿಲ್ದಾಣದಲ್ಲೇ ಕಿಫಿನ್ ಕೆಲಸ ಹೋಯಿತು. ಆದರೆ ಅದೇ ತಂಡ ಹಂಗಾಮಿ ಕೋಚ್ ಎಡ್ ಓರ್ಜೆರಾನ್ ಕೈಗೆ ಬಂದು ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡನ್ನು 20-17ರಲ್ಲಿ ಸೋಲಿಸಿತು. ಬೆರಳೆಣಿಕೆಯ ಬದಲಿಗಳು, ಬಹುತೇಕ ಮೊದಲ ಸಾಲಿನವರೇ ಪೂರ್ತಿ ಹೊತ್ತು, ಕೊನೆಗೆ 19 ಸೆಕೆಂಡ್ ಇದ್ದಾಗ ಆಂಡ್ರೆ ಹೈದಾರಿಯ 47 ಗಜದ ಕಿಕ್. 2014ರಲ್ಲಿ ಮತ್ತೆ ಅರಿಜೋನಾ ಸ್ಟೇಟ್. ಮೂರು ನಿಮಿಷ ಇದ್ದಾಗ ಯುಎಸ್‌ಸಿ 34-25ರಿಂದ ಮುಂದೆ. ಆಮೇಲೆ ಎದುರಾಳಿಯ ಎರಡು ಉದ್ದದ ಪಾಸ್, ಎರಡನೆಯದು 46 ಗಜ, ಗಡಿಯಾರ ಸೊನ್ನೆ ಮುಟ್ಟುವಾಗ. 38-34ರಲ್ಲಿ ಸೋಲು. ಸುಸ್ತಾದ ಡಿಫೆನ್ಸ್ ಮೂರು ನಿಮಿಷಕ್ಕೆ ಸಾಲದೆ ಬಂದದ್ದು ಎಂದು ಹೇಳುವುದು ನನ್ನ ಊಹೆ, ಸಾಕ್ಷಿ ಅಲ್ಲ. ಆದರೆ ನನ್ನ ಲೆಕ್ಕದ ಪ್ರಕಾರ ಹಳಬರ ಸಾಲು ತಳ ಕಾಣಬೇಕಿದ್ದ 2016ರಲ್ಲಿ ಅವರು 10 ಗೆದ್ದರು, 2017ರಲ್ಲಿ 11. ಕಾರಣ ಸರಳ. ಲಾಸ್ ಏಂಜಲೀಸ್ ಸುತ್ತಮುತ್ತಲ ಹುಡುಗರು ದಂಡವಿದ್ದರೂ ಬಂದರು. ಹದಿನೈದೇ ಆದರೂ ಆರಿಸಿ ತಂದ ಹದಿನೈದು. ಮಿಯಾಮಿಯೂ ಇದನ್ನು ಮೊದಲೇ ತೋರಿಸಿತ್ತು: 1995ರ ಕೊನೆಗೆ ಶಿಕ್ಷೆ, 31 ಸ್ಕಾಲರ್‌ಶಿಪ್ ನಷ್ಟ, 1997ರಲ್ಲಿ 5-6, ಫ್ಲೋರಿಡಾ ಸ್ಟೇಟ್ ಕೈಲಿ 47-0. 2001ರಲ್ಲಿ ರಾಷ್ಟ್ರೀಯ ಚಾಂಪಿಯನ್. ದಕ್ಷಿಣ ಫ್ಲೋರಿಡಾದ ನೆಲದಲ್ಲಿ ಬೀಜ ಬಿದ್ದರೆ ಸಾಕು.

2017ರ ಜನವರಿ 2ರ ರೋಸ್ ಬೌಲ್ ನೋಡಿದವರಿಗೆ ನೆನಪಿರುತ್ತದೆ: ಯುಎಸ್‌ಸಿ 52, ಪೆನ್ ಸ್ಟೇಟ್ 49. ಎರಡೂ ಅದೇ ದಶಕದ ದಂಡಿತ ತಂಡಗಳು. ತೀರ್ಮಾನವಾದದ್ದು 46 ಗಜದ ಫೀಲ್ಡ್ ಗೋಲಿನಲ್ಲಿ, ಸಮಯ ಮುಗಿಯುವ ಕ್ಷಣಕ್ಕೆ.

ಫಿಕೆನ್ ಕಥೆಯೂ ಶಾರ್ಲಟ್ಸ್‌ವಿಲ್‌ನಲ್ಲಿ ಮುಗಿಯಲಿಲ್ಲ. ಅದೇ ನವೆಂಬರಿನಲ್ಲಿ ವಿಸ್ಕಾನ್ಸಿನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಅವನ ಕಿಕ್ ಗೆಲುವು ತಂದಿತು. 2014ರ ಆಗಸ್ಟಿನಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಸೆಂಟ್ರಲ್ ಫ್ಲೋರಿಡಾ ವಿರುದ್ಧ ಕೊನೆ ಕ್ಷಣದ ಕಿಕ್, 26-24. ನಿಷೇಧ ಹೋದ ಮೇಲಿನ ಮೊದಲ ಬೌಲ್, 2014ರ ಡಿಸೆಂಬರಿನ ಪಿನ್‌ಸ್ಟ್ರೈಪ್ ಬೌಲ್, ಬಾಸ್ಟನ್ ಕಾಲೇಜು ಎದುರು. ಹೆಚ್ಚುವರಿ ಅವಧಿಯಲ್ಲಿ ಎದುರಾಳಿಯ ಕಿಕರ್ ಎಕ್ಸ್‌ಟ್ರಾ ಪಾಯಿಂಟ್ ತಪ್ಪಿಸಿದ, ಫಿಕೆನ್ ತಪ್ಪಿಸಲಿಲ್ಲ. 31-30.

ಸಂಖ್ಯೆಗಳೇ ಇಲ್ಲದ ಕಾಲ

ಈ ಲೆಕ್ಕವೆಲ್ಲ ಈಗ ಬಹುಮಟ್ಟಿಗೆ ಇತಿಹಾಸ. 2025ರ ಜುಲೈನಿಂದ, ಆಟಗಾರರಿಗೆ ಕಾಲೇಜೇ ನೇರವಾಗಿ ಹಣ ಕೊಡಬಹುದೆಂದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 85 ಸ್ಕಾಲರ್‌ಶಿಪ್ ಮಿತಿ ಇಲ್ಲ, ಬದಲಿಗೆ 105 ಆಟಗಾರರ ಪಟ್ಟಿಯ ಮಿತಿ. ವಿಚಿತ್ರವೆಂದರೆ ಈ 105 ಮೊದಲು ಬಡಿದದ್ದು ವಾಕ್-ಆನ್‌ಗಳಿಗೇ, 120 ಜನರಿದ್ದ ಪಟ್ಟಿಗಳಿಂದ ಅವರ ಹೆಸರೇ ಕಳಚಿದ್ದು. ವರ್ಷಕ್ಕೆ 25ರ ಮಿತಿ ಅದಕ್ಕೂ ಮುಂಚೆ ಹೋಗಿತ್ತು. ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿ) ಇರುವಾಗ ಮೂರು ಗಾರ್ಡ್ ಬೇಕಾದರೆ ಜನವರಿಯಲ್ಲಿ ಮೂರು ಗಾರ್ಡ್ ತರಬಹುದು, ದುಡ್ಡಿದ್ದರೆ. ಡಿಫೆನ್ಸಿವ್ ಟ್ಯಾಕಲ್‌ಗೆ ಹಿಂದೆ ಹೆಜ್ಜೆ ಇಡಲು ಕಲಿಸಬೇಕಿಲ್ಲ. 2023ರಲ್ಲಿ ಟೆನೆಸಿಗೆ 28 ಸ್ಕಾಲರ್‌ಶಿಪ್ ಕಡಿತವಾಯಿತು, ಐದು ವರ್ಷಕ್ಕೆ ಹಂಚಿ, ಜೊತೆಗೆ 80 ಲಕ್ಷ ಡಾಲರಿಗೂ ಹೆಚ್ಚು ದಂಡ, ಬೌಲ್ ನಿಷೇಧವಿಲ್ಲ. ಮರುವರ್ಷ ಅವರು ರಾಷ್ಟ್ರೀಯ ಚಾಂಪಿಯನ್‌ನನ್ನು ತೀರ್ಮಾನಿಸುವ ಪ್ಲೇಆಫ್‌ನಲ್ಲಿದ್ದರು. 2025ರ ಮಿಷಿಗನ್ ತೀರ್ಪಿನಲ್ಲಿ ಭಾರ ಹೆಚ್ಚಾಗಿ ಹಣದ ಮೇಲೆ. ಹಣ ಕಟ್ಟುವುದು ಸಂಸ್ಥೆ, ಮಂಗಳವಾರದ ಅಭ್ಯಾಸಕ್ಕೆ ಬರುವ ಹುಡುಗನಲ್ಲ. ಅಷ್ಟರ ಮಟ್ಟಿಗೆ ಇದು ವಾಸಿ. ಶ್ರೀಮಂತ ಕಾಲೇಜಿಗೆ ದಂಡ ಬರೀ ಒಂದು ಬಿಲ್ಲಾಗಿಬಿಟ್ಟಿತು ಅನ್ನುವುದು ಇನ್ನೊಂದು ಮಗ್ಗುಲು.

ಡಲ್ಲಸ್

ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟು ಸಿಕ್ಕಿಬಿದ್ದ ಡಲ್ಲಸ್‌ನ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ಕಥೆಯನ್ನು ಎಲ್ಲರೂ "ಡೆತ್ ಪೆನಾಲ್ಟಿ" (ಮರಣದಂಡನೆ) ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. 1987ರ ಫೆಬ್ರವರಿ 25ರ ತೀರ್ಪು ಆ ವರ್ಷದ ಋತುವನ್ನೇ ರದ್ದು ಮಾಡಿತು. 1988ರಲ್ಲಿ ಹೊರಗಿನ ಪಂದ್ಯ ಆಡಬಹುದಿತ್ತು, ಆಡಲು ಜನ ಉಳಿಯದೆ ಕಾಲೇಜೇ ಕೈಬಿಟ್ಟಿತು. ಆದರೆ ಅದೇ ತೀರ್ಪಿನಲ್ಲಿ ನಾಲ್ಕು ವರ್ಷಕ್ಕೆ 55 ಸ್ಕಾಲರ್‌ಶಿಪ್ ಕಡಿತವೂ ಇತ್ತು, ಸಹಾಯಕ ಕೋಚುಗಳ ಸಂಖ್ಯೆ 9ರಿಂದ 5ಕ್ಕೆ ಇಳಿದಿತ್ತು. ಆಡದ ಎರಡು ವರ್ಷಕ್ಕಿಂತ ಮರಳಿ ಆಡಿದ ವರ್ಷಗಳನ್ನು ತಿಂದದ್ದು ಇದು. 1989ರಲ್ಲಿ ಕೋಚ್ ಫಾರೆಸ್ಟ್ ಗ್ರೆಗ್ ಹೆಚ್ಚುಕಡಿಮೆ ಹೈಸ್ಕೂಲಿನಿಂದ ಆಗಷ್ಟೇ ಬಂದ ಹುಡುಗರನ್ನು ಕಟ್ಟಿಕೊಂಡು ಮೈದಾನಕ್ಕಿಳಿದರು. ಅಕ್ಟೋಬರ್ 21ರಂದು ಹ್ಯೂಸ್ಟನ್ ಅವರ ಮೇಲೆ 95 ಅಂಕ, 1,021 ಗಜ ಹೊಡೆಯಿತು. 95-21. ಆ ವರ್ಷ ಹ್ಯೂಸ್ಟನ್ ತಾನೂ ಶಿಕ್ಷೆಯಲ್ಲಿದ್ದ ತಂಡ, ಅದಕ್ಕೆ ಟಿವಿಯೂ ಇಲ್ಲ, ಬೌಲೂ ಇಲ್ಲ. ಒಬ್ಬ ಕೈದಿ ಇನ್ನೊಬ್ಬನನ್ನು ಹೊಡೆದ ಹಾಗೆ.

ಮಿಯಾಮಿ ಆರು ವರ್ಷದಲ್ಲಿ ಎದ್ದಿತು, ಎಸ್‌ಎಂಯು 1989ರಿಂದ 2008ರ ತನಕ ಇಪ್ಪತ್ತು ಋತುಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಾದದ್ದು ಒಂದೇ ಬಾರಿ, 1997ರಲ್ಲಿ 6-5. ಕಡಿತದ ಗಾತ್ರ ಮಾತ್ರ ಇದಕ್ಕೆ ಕಾರಣವಲ್ಲ. ಅವರು ಬಿದ್ದಿದ್ದಾಗಲೇ ನೆಲವೂ ಸರಿಯಿತು. 1996ರಲ್ಲಿ ಅವರಿದ್ದ ಸೌತ್‌ವೆಸ್ಟ್ ಕಾನ್ಫರೆನ್ಸ್ ಒಡೆದು ಟೆಕ್ಸಸ್, ಟೆಕ್ಸಸ್ ಎ ಅಂಡ್ ಎಂ, ಟೆಕ್ಸಸ್ ಟೆಕ್, ಬೇಲರ್ ಬಿಗ್ 12 ಸೇರಿದವು. ದುರ್ಬಲವಾಗಿದ್ದ ಎಸ್‌ಎಂಯುವನ್ನು ಯಾರೂ ಕರೆಯಲಿಲ್ಲ. ಟಿವಿ ಹಣದ ರೈಲು ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಅವರು. ಸ್ಕಾಲರ್‌ಶಿಪ್ ಎಂಟು ವರ್ಷದಲ್ಲಿ ತುಂಬಬಹುದಿತ್ತು, ಕಾನ್ಫರೆನ್ಸ್ ತುಂಬಲು ಇನ್ನೂ 28 ವರ್ಷ ಬೇಕಾಯಿತು. 1984ರ ಡಿಸೆಂಬರಿನಲ್ಲಿ ಹೊನೊಲುಲುವಿನಲ್ಲಿ ಅಲೋಹಾ ಬೌಲ್ ಆಡಿದ್ದವರು ಮುಂದಿನ ಬೌಲ್ ಆಡಿದ್ದು 2009ರ ಡಿಸೆಂಬರಿನಲ್ಲಿ, ಅದೂ ಹೊನೊಲುಲುವಿನಲ್ಲೇ. 2024ರಲ್ಲಿ ಎಸಿಸಿ ಎಂಬ ದೊಡ್ಡ ಕಾನ್ಫರೆನ್ಸ್ ಸೇರಿಕೊಂಡರು, ಒಂಬತ್ತು ವರ್ಷ ಟಿವಿ ಹಣದ ಪಾಲು ಬೇಡ ಎಂದು ಒಪ್ಪಿ. ಸೇರಿದ ವರ್ಷವೇ ಪ್ಲೇಆಫ್ ತಲುಪಿದರು.

2024ರ ಡಿಸೆಂಬರ್ 21ರ ಆ ಪ್ಲೇಆಫ್ ಪಂದ್ಯ ನಡೆದದ್ದು ಸ್ಟೇಟ್ ಕಾಲೇಜಿನ ಬೀವರ್ ಸ್ಟೇಡಿಯಂನಲ್ಲಿ, ಹೆಪ್ಪುಗಟ್ಟುವ ಚಳಿಯಲ್ಲಿ. ಎದುರಾಳಿ ಪೆನ್ ಸ್ಟೇಟ್. ಮೊದಲ ಕ್ವಾರ್ಟರಿನಲ್ಲಿ ಎಸ್‌ಎಂಯು ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ನಡುವೆ ಕಿತ್ತುಕೊಂಡ ಒಬ್ಬ ಲೈನ್‌ಬ್ಯಾಕರ್ 23 ಗಜ ಓಡಿ ಟಚ್‌ಡೌನ್ ಮಾಡಿದ. ಪಂದ್ಯದ ಮೊದಲ ಅಂಕಗಳು ಅವೇ, ಕೊನೆಗೆ 38-10. ಆ ಲೈನ್‌ಬ್ಯಾಕರ್ ಡಾಮಿನಿಕ್ ಡೆಲುಕಾ, ಪೆನ್ಸಿಲ್ವೇನಿಯಾದ ಹುಡುಗ. ಪೆನ್ ಸ್ಟೇಟ್‌ಗೆ ಅವನು ಬಂದದ್ದು ವಾಕ್-ಆನ್ ಆಗಿ.